ನನ್ನ ಮಗಳಿಗೊಂದು ಶಾಭಾಸ್ ಹೇಳಲು ಆದೇಶ ಬೇಕಾಗಿದೆ

ತರಗತಿ ಸಂಶೋಧನಾ ಕೋಶದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಸಂಶೋಧನೆ ಮುಗಿದು ಎರಡು ತಿಂಗಳಾಯಿತು. ನನ್ನ ಮಗಳಿಗೆ ಮಾತ್ರ ಅದಿನ್ನೂ ಮುಗಿದಿಲ್ಲ. ಮಾನ್ವಿಯ ಶಾಲೆಯೊಂದರ ಏಳನೇ ತರಗತಿಯಲ್ಲಿ ಆಕೆಯೂ ಸೇರಿ ಇಪ್ಪತ್ತೆರಡು ಮಕ್ಕಳು ಇವತ್ತಿಗೂ ಯಾರ ಪ್ರಶ್ನೆಗೂ ಸಿಗದೆ, ಯಾರ ಹೊಗಳಿಕೆಯೂ ಸೋಕದೆ, ನೀವು ಕೂರಿಸಿದಲ್ಲೇ ಕುಳಿತಿದ್ದಾರೆ. ಕೂರಿಸಿದ ತಾವು ವರದಿ ಬರೆದುಕೊಂಡು ರಾಯಚೂರಿಗೆ ಹೋದಿರಿ. ಅವರನ್ನು ಎಬ್ಬಿಸುವ ಆದೇಶ ಯಾರು ಹೊರಡಿಸಬೇಕೆಂದು ಕೇಳುತ್ತ ತಿರುಗಿ ಸಾಕಾಗಿ, ಈ ಪತ್ರವನ್ನು ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ.

ನಾನು ಕುರ್ಡಿ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಆರೋಗ್ಯ ಸಹಾಯಕಿ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹೆಂಗಸು. ಮಗಳು ವಿಶಾಖಾ ಮಾತಿನ ಮಲ್ಲಿ. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ, ಮಾಸ್ತರರು ಏನು ಕೇಳಿದರು, ತಾನೇನು ಹೇಳಿದೆ, ಯಾರು ತಪ್ಪು ಹೇಳಿ ನಗೆಗೀಡಾದರು ಎಂಬುದನ್ನೆಲ್ಲ ಒಪ್ಪಿಸಿಯೇ ನೀರು ಕುಡಿಯುವವಳು. ಕಳೆದ ಜುಲೈನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಈ ಸುದ್ದಿ ನಿಂತುಹೋಯಿತು. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದೆ. ಇರಲಿಲ್ಲ.

“ಇವತ್ತು ಸರ್ ಏನ್ ಕೇಳಿದ್ರು?” ಎಂದೆ.

“ನನಗ ಕೇಳಂಗಿಲ್ಲ ಬೇ ಯವ್ವಾ. ನಾನು ನಿಯಂತ್ರಿತ ಗುಂಪು ಅದೀನಿ.”

“ಹಂಗಂದ್ರೇನು?”

“ಎಡಗಡಿ ಕುಂತೋರಿಗಿ ಪ್ರಶ್ನಿ ಕೇಳಿ ಶಾಭಾಸ್ ಅಂತಾರ. ಬಲಗಡಿಯೋರಿಗಿ ಅನ್ನಂಗಿಲ್ಲ. ಆಮ್ಯಾಲೆ ಯಾರು ಶ್ಯಾಣ್ಯಾ ಆಗ್ಯಾರ ಅಂತ ನೋಡ್ತಾರಂತ.”

ಮಾನ್ಯರೇ, ತಮ್ಮ ಸಂಶೋಧನೆಯನ್ನು ಹನ್ನೆರಡು ವರ್ಷದ ಹುಡುಗಿ ಮೂರೇ ಮಾತಿನಲ್ಲಿ ವಿವರಿಸಿದಳು. ತಮಗೆ ಅದಕ್ಕೆ ಎಂಬತ್ತಾರು ಪುಟ ಬೇಕಾದವು. ‘ಶ್ಲಾಘನೆ ಮತ್ತು ಪ್ರಶ್ನೋತ್ತರದಿಂದ ಕಲಿಕೆ ಹಾಗೂ ವರ್ತನೆಯ ಸುಧಾರಣೆ’ ಎಂಬುದು ಅದರ ಹೆಸರು. ನಲವತ್ನಾಲ್ಕು ಮಕ್ಕಳಲ್ಲಿ ಹಾಜರಿಯ ಬೆಸ ಸಂಖ್ಯೆಯವರು ಎಡಕ್ಕೆ, ಸಮ ಸಂಖ್ಯೆಯವರು ಬಲಕ್ಕೆ. ನನ್ನ ಮಗಳ ಸಂಖ್ಯೆ ಮೂವತ್ನಾಲ್ಕು. ಅವಳ ಹಣೆಬರಹವನ್ನು ಎರಡರಿಂದ ಭಾಗಿಸಿದರೆ ಶೇಷ ಉಳಿಯಲಿಲ್ಲ, ಅಷ್ಟೇ.

ತರಗತಿಯ ಶಿಕ್ಷಕರು ವಿರೂಪಣ್ಣ ಮಾಸ್ತರರು. ಇಪ್ಪತ್ತೇಳು ವರ್ಷ ಪಾಠ ಮಾಡಿದವರು. ಅವರು ನಿಮ್ಮ ಕೋಶದಿಂದ ಬಂದ ವೀಕ್ಷಕರನ್ನು ಒಂದು ಮಾತು ಕೇಳಿದ್ದರಂತೆ: “ಮೊದಲೂ ಎಲ್ಲಾ ಹುಡುಗರಿಗೂ ನಾಕು ಒಳ್ಳೆ ಮಾತು ಅಂತಿದ್ದೆನ್ರೀ. ಬಲಗಡಿಯೋರಿಗಿ ಅಷ್ಟರ ಅನ್ನಲೇನ್ರೀ?”

ವೀಕ್ಷಕರು ಪೆನ್ನು ಕೆಳಗಿಟ್ಟು ಹೇಳಿದ್ದು: “ದಿನಕ್ಕ ಎಷ್ಟು ಅಂತಿದ್ರಿ ಅನ್ನೋದಕ್ಕ ದಾಖಲಿ ಅದ ಏನ್ರೀ? ಇಲ್ಲ. ದಾಖಲಿ ಇಲ್ಲದ್ದು ಸೊನ್ನಿ. ಸೊನ್ನಿನೇ ಮುಂದುವರಸ್ರಿ.”

ಹೀಗೆ ಇಪ್ಪತ್ತೇಳು ವರ್ಷದ ಒಳ್ಳೆಯ ಮಾತುಗಳು ಒಂದೇ ಮಧ್ಯಾಹ್ನ ಸೊನ್ನೆಯಾದವು.

ಆದರೆ ಮಾಸ್ತರರ ನಾಲಗೆಗೆ ನಿಮ್ಮ ಸುತ್ತೋಲೆ ಓದಲು ಬರುತ್ತಿರಲಿಲ್ಲ. ಬಲಗಡೆಯ ಸುಭಾಷ್ ಎಂಬ ಹುಡುಗ ಒಂದು ದಿನ ಭಿನ್ನರಾಶಿಯ ಲೆಕ್ಕವನ್ನು ಅವರು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಬಿಡಿಸಿದ. ತಡೆಯಲಾರದೆ ಅವರು ಕಿಟಕಿಯತ್ತ ತಿರುಗಿ “ಶಾಭಾಸ್!” ಎಂದರು. ಕಿಟಕಿ ಯಾವ ಗುಂಪಿನಲ್ಲೂ ಇರಲಿಲ್ಲವಲ್ಲ. ಅಂದಿನಿಂದ ಬಲಗಡೆಯವರು ಯಾರು ಏನೇ ಚೆನ್ನಾಗಿ ಮಾಡಿದರೂ ಹೊಗಳಿಕೆ ಕಿಟಕಿಗೆ ಸಲ್ಲತೊಡಗಿತು. ಎರಡು ವಾರದಲ್ಲಿ ಇಡೀ ತರಗತಿಯಲ್ಲಿ ಅದರಷ್ಟು ಜಾಣರು ಇನ್ನೊಬ್ಬರಿರಲಿಲ್ಲ. ವೀಕ್ಷಕರು ‘ಶಿಕ್ಷಕರು ನಿರ್ಜೀವ ವಸ್ತುಗಳೊಡನೆ ಸಂವಾದಿಸುತ್ತಾರೆ’ ಎಂದು ಬರೆದರು. ಮೊದಲ ನೋಟಿಸು ಬಂತು. ಕಿಟಕಿಗೆ ಮೊಳೆ ಬಡಿಸಲಾಯಿತು. ನಮ್ಮ ಜಿಲ್ಲೆಯ ಸೆಖೆ ತಮಗೆ ಗೊತ್ತೇ ಇದೆ; ತಮ್ಮ ಕಚೇರಿಯಲ್ಲಿ ಎ.ಸಿ. ಇರುವುದು ಅದಕ್ಕೇ.

ಆಮೇಲೆ ಮಧ್ಯಾಹ್ನದ ಊಟ. ಎಡಗಡೆಯ ಮಕ್ಕಳು ಅನ್ನ ಸಾರು ಉಣ್ಣುವಾಗ ಬಲಗಡೆಯ ಗೆಳೆಯರಿಗೆ ತಮ್ಮ ಪಾಲಿನ ಶಾಭಾಸನ್ನು ಹಂಚತೊಡಗಿದರು. ಇದು ದತ್ತಾಂಶದ ಕಲಬೆರಕೆ ಎಂದು ಬಿಸಿಯೂಟವನ್ನು ಎರಡು ಸರದಿ ಮಾಡಿಸಿದಿರಿ. ಮಕ್ಕಳನ್ನು ಬೇರೆ ಕೂರಿಸಿ ಉಣಿಸುವುದು ನಮ್ಮ ಓಣಿಯವರಿಗೆ ಹೊಸದಲ್ಲ, ಮಾನ್ಯರೇ. ಅದಕ್ಕೆ ಹಾಜರಿ ಸಂಖ್ಯೆ ಕಾರಣವಾದದ್ದಷ್ಟೇ ಹೊಸದು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಎಡಗಡೆಯವರ ಕಲಿಕೆ ಶೇಕಡಾ ಮೂವತ್ತೊಂದು ಹೆಚ್ಚಿತು. ಬಹಳ ಸಂತೋಷ. ಬಲಗಡೆಯವರ ಬಗ್ಗೆ ತಾವು ಬರೆದ ಸಾಲು ಹೀಗಿದೆ: ‘ಗದ್ದಲ ಶೂನ್ಯ; ವರ್ತನೆಯಲ್ಲಿ ಗಣನೀಯ ಸುಧಾರಣೆ.’ ನಮ್ಮ ಕೆಲಸದಲ್ಲಿ, ಜ್ವರ ಬಂದ ಕೂಸು ಅಳುವುದನ್ನೇ ನಿಲ್ಲಿಸಿದರೆ ಸುಧಾರಣೆ ಎಂದು ಬರೆಯುವುದಿಲ್ಲ. ಆಂಬುಲೆನ್ಸ್ ಕರೆಯುತ್ತೇವೆ. ಇನ್ನೊಂದು ಮಾತು. ಒಂದು ಔಷಧ ಗುಣ ಕೊಡುತ್ತದೆಂದು ಖಾತ್ರಿಯಾದ ಮೇಲೆ ಉಳಿದ ಮಕ್ಕಳಿಗೂ ಅದನ್ನು ಹಾಕುತ್ತೇವೆ. ತಾವು ಔಷಧ ಕಂಡುಹಿಡಿದು, ಶಾಲು ಹೊದಿಸಿಕೊಂಡು, ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ.

ಜನವರಿಯಲ್ಲಿ ನಾನು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಹೀರಾಬಿ ಮೇಡಂ ಚಹಾ ತರಿಸಿ, ಸುತ್ತೋಲೆಯನ್ನು ಮುಂದಿಟ್ಟರು. ‘ಮುಂದಿನ ಆದೇಶದವರೆಗೆ’ ಎಂಬಲ್ಲಿ ಬೆರಳಿಟ್ಟರು.

“ನಾನೂ ಮಕ್ಕಳ ತಾಯಿನೇ ಅದೀನ್ರೀ ಅಮ್ಮಾ. ಆದ್ರ ಶುರು ಮಾಡಂತ ಕಾಗದ ಬಂತು, ನಿಲ್ಲಸಂತ ಬರ್ಲಿಲ್ಲ. ನಾನಾಗೇ ನಿಲ್ಸಿದ್ರ ನನ್ನ ನೌಕರಿಗಿ ಕುತ್ತು.”

ಒಂದು ದಿನ ರಜೆ ಹಾಕಿ ರಾಯಚೂರಿನ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತ ಅಯ್ಯಣ್ಣನವರು ಕಡತ ತೆಗೆದರು. ಎಡಗಡೆಯ ಮಕ್ಕಳಿಗೆ ಅದರಲ್ಲಿ ಹೆಸರು, ಭಾವಚಿತ್ರ ಎಲ್ಲ ಇದ್ದವು; ಬಲಗಡೆಯವರಿಗೆ ಬರೀ ಸಂಖ್ಯೆ. ನನ್ನ ಮಗಳು ನಿ-17. ಅವರ ಬೆರಳು ಪಟ್ಟಿಯಲ್ಲಿ ಹದಿನಾರಕ್ಕೆ ಬಂದು, ಹದಿನೆಂಟಕ್ಕೆ ಜಿಗಿಯಿತು. ಮತ್ತೊಮ್ಮೆ ಹುಡುಕಿ, ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ ಅವಳನ್ನು ಪತ್ತೆಹಚ್ಚಿದರು: ‘ನಿ-17: ನಿರೀಕ್ಷೆಗಿಂತ ಅಧಿಕ ಸಾಧನೆ. ಅಪವಾದವೆಂದು ಪರಿಗಣಿಸಿ ಕೈಬಿಡಲಾಗಿದೆ.’

ಅಯ್ಯಣ್ಣನವರು ದನಿ ತಗ್ಗಿಸಿದರು. “ನಿಮ್ಮ ಹುಡುಗಿ ಎಡಗಡಿ ಎಲ್ಲಾರಿಗಿಂತ ಜಾಸ್ತಿ ಮಾರ್ಕ್ಸ್ ತಗಂಡಾಳ್ರೀ. ಆಕಿನ್ನ ಇಟ್ಟಿದ್ರ ವರದಿ ಕೆಡ್ತಿತ್ತು.”

“ಹಂಗಾರ ಆಕಿ ಸಂಶೋಧನೆದಾಗ ಇಲ್ಲೇ ಇಲ್ಲ. ಆಕಿಗಿ ಶಾಭಾಸ್ ಅಂದ್ರ ತಪ್ಪೇನ್ರೀ?”

“ಇದ್ದೋರ್ನ ಬಿಡುಗಡಿ ಮಾಡಾಕ ಆದೇಶ ಬೇಕ್ರೀ. ಇಲ್ಲದೋರ್ನ ಎಲ್ಲಿಂದ ಬಿಡುಗಡಿ ಮಾಡ್ತಾರ?”

ಪಾಪ, ಅಯ್ಯಣ್ಣನವರೇ ಎದ್ದು ಹೋಗಿ ಆ ಪುಟದ ಜೆರಾಕ್ಸ್ ಮಾಡಿಸಿ ತಂದುಕೊಟ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಓದಿದೆ. ಇಡೀ ವರ್ಷದಲ್ಲಿ ನನ್ನ ಮಗಳ ಬಗ್ಗೆ ಯಾರಾದರೂ ಬರೆದ ಒಂದೇ ಒಂದು ಒಳ್ಳೆಯ ಮಾತು ಅದು. ಕಿತ್ತುಹಾಕಿದ್ದಕ್ಕೆ ಕಾರಣವಾಗಿ ಬರೆದದ್ದು.

ಮನೆಗೆ ಬಂದು ಅದನ್ನು ಅವಳ ಕೈಗಿತ್ತೆ. ಎರಡು ಸಲ ಓದಿ ಮುಖ ಸಣ್ಣದು ಮಾಡಿಕೊಂಡಳು.

“ನಾ ಏನ್ ಮಾಡೀನಿ ಬೇ? ಯಾಕ ಅಪವಾದ ಹೊರಸ್ಯಾರ?”

ಕದ್ದವರ ಮೇಲೆ, ಕೆಟ್ಟವರ ಮೇಲೆ ಹೊರಿಸುವುದಕ್ಕೆ ಅಪವಾದವೆನ್ನುತ್ತಾರೆಂದೇ ಅವಳಿಗೆ ಗೊತ್ತು. ಹಾಗಲ್ಲವೆಂದು ತಿಳಿಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ನಂಬಿದಳೆಂದು ಹೇಳಲಾರೆ.

ಮರುದಿನ ಆ ಕಾಗದವನ್ನು ವಿರೂಪಣ್ಣ ಮಾಸ್ತರರಿಗೆ ತೋರಿಸಿದೆ. ಅವರು ಓದಿ, ಮಡಚಿ ಜೇಬಿಗಿಟ್ಟುಕೊಂಡು ತರಗತಿಗೆ ನಡೆದರು. ನಾನು ಬಾಗಿಲ ಹೊರಗೆ ನಿಂತೆ.

“ವಿಶಾಖಾ, ಎದ್ದು ನಿಲ್ಲವಾ. ತ್ರಿಕೋನದ ಮೂರೂ ಕೋನ ಕೂಡಿಸಿದ್ರ ಎಷ್ಟು?”

ಏಳು ತಿಂಗಳ ಮೇಲೆ ಅವಳಿಗೆ ಕೇಳಿದ ಮೊದಲ ಪ್ರಶ್ನೆ. ಅವಳು ಏಳಲಿಲ್ಲ. ತಲೆ ತಗ್ಗಿಸಿಕೊಂಡೇ, ಸಣ್ಣ ದನಿಯಲ್ಲಿ ಹೇಳಿದಳು: “ಸರ್, ನಾನು ಬಲಗಡಿ ಅದೀನ್ರೀ. ನಿಮಗ ಮತ್ತ ನೋಟಿಸ್ ಬರ್ತದ್ರೀ.”

ಮಾನ್ಯರೇ, ಉತ್ತರ ಗೊತ್ತಿದ್ದ ಮಗು ತನ್ನ ಗುರುವನ್ನು ಕಾಪಾಡಲು ಸುಮ್ಮನೆ ಕುಳಿತಿತ್ತು. ಇದನ್ನು ತಮ್ಮ ವರದಿಯಲ್ಲಿ ಯಾವ ಕಾಲಮಿನಲ್ಲಿ ತುಂಬುತ್ತೀರಿ? ಕಲಿಕೆಯಲ್ಲೋ, ವರ್ತನೆಯಲ್ಲೋ?

“ಬಂದ್ರ ಬರ್ಲಿ. ನೀ ಹೇಳು,” ಎಂದರು ಮಾಸ್ತರರು.

“ನೂರಾ ಎಂಬತ್ತು.”

“ಶಾಭಾಸ್!”

ಬಲಗಡೆಯ ಉಳಿದ ಇಪ್ಪತ್ತೊಂದು ಮಕ್ಕಳೂ ಕೈ ಎತ್ತಿಬಿಟ್ಟರು. ಸುಭಾಷ್ ಎರಡೂ ಕೈ ಎತ್ತಿದ. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಎಲ್ಲರಿಗೂ ಒಂದೊಂದು ಪ್ರಶ್ನೆ ಬೇಕಿತ್ತು.

ಸುದ್ದಿ ತಮಗೆ ಯಾರು ಮುಟ್ಟಿಸಿದರೋ, ನಾಲ್ಕನೇ ದಿನ ನೋಟಿಸು ಬಂತು. ‘ನಿಯಂತ್ರಿತ ಗುಂಪಿಗೆ ಅನಧಿಕೃತ ಶ್ಲಾಘನೆ.’ ಮಾಸ್ತರರ ನಿವೃತ್ತಿಗೆ ಇನ್ನು ಎಂಟು ತಿಂಗಳಿದೆ. ತರಗತಿ ಮತ್ತೆ ಎಡ ಬಲವಾಯಿತು. ಈಗ ಇದೇ ಪ್ರಯೋಗವನ್ನು ದೇವದುರ್ಗದ ಶಾಲೆಗಳಿಗೂ ವಿಸ್ತರಿಸುತ್ತೀರಂತೆ. ಹೊಗಳಿದರೆ ಮಕ್ಕಳು ಕಲಿಯುತ್ತಾರೋ ಇಲ್ಲವೋ ಎಂಬ ಅನುಮಾನ ದೇವದುರ್ಗದಲ್ಲಿ ಯಾರಿಗಿದೆ? ಇದ್ದರೆ ಯಾವ ತಾಯಿಯನ್ನಾದರೂ ಕೇಳಿ. ಹೆಜ್ಜೆ ಹಾಕಲು ಕಲಿಯುವ ಕೂಸಿನ ಮುಂದೆ ಚಪ್ಪಾಳೆ ತಟ್ಟದವಳು ಯಾರಿದ್ದಾಳೆ?

ಮಾಸ್ತರರ ನೋಟಿಸನ್ನು ಹಿಂಪಡೆಯಿರಿ. ಇಪ್ಪತ್ತೆರಡು ಮಕ್ಕಳನ್ನೂ, ಪಟ್ಟಿಯಲ್ಲಿ ಇಲ್ಲದವಳನ್ನೂ ಸೇರಿಸಿ, ಹೆಸರು ಬರೆದು ಬಿಡುಗಡೆ ಮಾಡಿ. ಪರೀಕ್ಷೆಗೆ ಇನ್ನು ಕೆಲವೇ ವಾರಗಳಿವೆ. ಆದೇಶ ಬಾರದಿದ್ದರೆ, ಬರುವ ಸೋಮವಾರ ಹನ್ನೊಂದು ಗಂಟೆಗೆ ಅಷ್ಟೂ ಮಕ್ಕಳೊಂದಿಗೆ ಅವರ ತಾಯಂದಿರು ತಮ್ಮ ಕಚೇರಿಗೆ ಬರುತ್ತೇವೆ. ಧಿಕ್ಕಾರ ಕೂಗುವುದಿಲ್ಲ, ಮನವಿಯನ್ನೂ ಕೊಡುವುದಿಲ್ಲ. ಪ್ರತಿ ಮಗುವಿಗೂ ತಾವೇ ಒಂದು ಪ್ರಶ್ನೆ ಕೇಳಬೇಕು. ಉತ್ತರ ತಪ್ಪಾದರೆ ತಿದ್ದಿ. ಸರಿಯಾದರೆ ಹೇಳಬೇಕಾದದ್ದು ಮೂರೇ ಅಕ್ಷರ. ಭಾನುವಾರ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬನ್ನಿ.

ಇಂತಿ,
ಯಾರ ಅನುಮತಿಯೂ ಇಲ್ಲದೆ ಮಗಳನ್ನು ದಿನವೂ ಹೊಗಳುತ್ತಿರುವ ಅಪರಾಧಿ,
ಮೌನೇಶ್ವರಿ
ಮಾನ್ವಿ