ಬಿಳಿಯ ಮೇಲೆ ಬಿಳಿ

ಮೇಷ್ಟ್ರಿಗೆ ನಮಸ್ಕಾರ.

ಪಿಟೀಲು ರಿಪೇರಿಗೆಂದು ನೆಟ್‌ನಲ್ಲಿ ನಿಮ್ಮನ್ನು ಹುಡುಕುವವರು ನನ್ನ ಅಂಗಡಿಗೆ ಬರಲಿ ಎಂದು, ನನ್ನ ವೆಬ್‌ಸೈಟಿನ ಬಿಳಿ ಪುಟದಲ್ಲಿ ಬಿಳಿ ಅಕ್ಷರಗಳಲ್ಲೇ ನಿಮ್ಮ ಹೆಸರನ್ನು ಸಾಲುಸಾಲಾಗಿ ತುಂಬಿದ್ದೆ. ಹುಡುಕುವ ಯಂತ್ರಕ್ಕೆ ಅದು ಸಿಗುತ್ತದೆ, ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ.

ನಿನ್ನೆ ಕಣ್ಣು ಕಾಣದ ಸಂಗೀತದ ಟೀಚರೊಬ್ಬರು ಬಂದರು. ಅವರ ಫೋನು ಪುಟದಲ್ಲಿರುವುದನ್ನೆಲ್ಲ ಗಟ್ಟಿಯಾಗಿ ಓದುತ್ತದಂತೆ. “ಎಷ್ಟು ಸಲ ಗುರುಗಳ ಹೆಸರು ಹೇಳ್ಕೊಂಡಿದ್ದೀರಪ್ಪಾ! ಇಂಥ ಶಿಷ್ಯ ಯಾರಿಗೆ ಸಿಗ್ತಾನೆ?” ಎಂದು ನನ್ನ ಕೈ ಹಿಡಿದುಕೊಂಡರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಆ ಸಾಲುಗಳನ್ನು ಅಳಿಸಿದ್ದೇನೆ. ಅವರನ್ನು ನಿಮ್ಮಲ್ಲಿಗೇ ಕಳಿಸುತ್ತಿದ್ದೇನೆ. ಪಿಟೀಲಿನ ಬಿರಡೆ ಜಾರುತ್ತಿದೆ, ಶ್ರುತಿ ನಿಲ್ಲುತ್ತಿಲ್ಲ, ದಯವಿಟ್ಟು ನೋಡಿಕೊಡಿ. ನನ್ನ ಗುರುಭಕ್ತಿಯನ್ನು ಹೊಗಳಿದರೆ ನಿಜ ಹೇಳಿಬಿಡಿ. ನನ್ನ ಬಾಯಿಂದ ಅದು ಹೊರಡಲಿಲ್ಲ.

ಇಂತಿ,
ನಿಮ್ಮ ಬಳಿ ಕೆಲಸ ಕಲಿತವನು