ಹನ್ನೊಂದು ಸಲ ಮರಳಿದ ರತ್ನಗಂಬಳಿ

ಬಿಜೆರ್ತ್
ಸೋಮವಾರ, ಫೆಬ್ರುವರಿ ೧೩, ೨೦೧೭

ನನ್ನ ಪ್ರೀತಿಯ ಕಲ್ಸೂಮಳಿಗೆ ನಜೀಬಾಳ ಸಲಾಮು, ಎರಡೂ ಕೆನ್ನೆಗೆ ಮುತ್ತು, ಜೊತೆಗೆ ಒಂದು ವಿನಂತಿ: ಈ ಪತ್ರವನ್ನು ನಿಂತುಕೊಂಡು ಓದಬೇಡ. ಕೂತುಕೋ. ಪಕ್ಕದಲ್ಲಿ ಚಹಾ ಇಟ್ಟುಕೋ. ನಿನ್ನ ಯಜಮಾನರು ಮನೆಯಲ್ಲಿದ್ದರೆ ಮೀನು ತರಲು ಕಳಿಸು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯೆ. ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯೆ, ನಾನು ಅಳುತ್ತೇನೆ, ಕೊನೆಗೆ ಇಬ್ಬರೂ ಮೆಣಸಿನಕಾಯಿಯ ರೇಟು ಮಾತಾಡಿ ಇಟ್ಟುಬಿಡುತ್ತೇವೆ. ಈ ವಿಷಯಕ್ಕೆ ಕಾಗದವೇ ಸರಿ. ಕಾಗದ ಎದುರು ಮಾತಾಡುವುದಿಲ್ಲ.

ಎಡಗೈಯಲ್ಲಿ ಬರೆದು ಸಾಲೆಲ್ಲ ಒಂದೇ ಕಡೆಗೆ ವಾಲಿಸಿದ ನಿನ್ನ ಪತ್ರ ಹೋದ ವಾರ ತಲುಪಿತು. ಇದೇ ೨೫ರಂದು ನಮ್ಮ ಸೇವಾಕೂಟದ ಹನ್ನೆರಡನೆಯ ವಾರ್ಷಿಕೋತ್ಸವಕ್ಕೆ ಸ್ಫಾಕ್ಸಿನಿಂದ ಬರುತ್ತೇನೆ, ಅಮ್ಮ ನೇಯ್ದ ರತ್ನಗಂಬಳಿಯನ್ನು ವೇದಿಕೆಯ ಮೇಲೆ ಹಾಸಿಡಿ, ಅದರ ಮೇಲೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಎಂದು ಬರೆದಿದ್ದೀಯೆ. ಓದಿದಾಗಿನಿಂದ ನನಗೆ ಊಟ ಇಳಿದಿಲ್ಲ ಕಣೇ. ಸುಳ್ಳೇಕೆ, ಊಟ ಇಳಿದಿದೆ. ನಿದ್ದೆ ಬಂದಿಲ್ಲ.

ಹಾಸಲು ಆಗುವುದಿಲ್ಲ, ಕಲ್ಸೂಮ್. ಅದಕ್ಕೆ ಎರಡು ಕಾರಣ. ಒಂದು ಮೊನ್ನೆ ಶನಿವಾರದ್ದು. ಇನ್ನೊಂದು ಮೂರು ವರ್ಷ ಹಳೆಯದು. ಹಳೆಯದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಇನ್ನೂ ಸ್ವಲ್ಪ ಧೈರ್ಯ ಕೂಡಬೇಕು.

ಹಿಂದಿನ ಸಭೆಯ ನಡಾವಳಿ ಓದದೆ ಮುಂದಕ್ಕೆ ಹೋಗುವುದು ಕಾರ್ಯದರ್ಶಿಯ ರಕ್ತದಲ್ಲಿಲ್ಲ. ಹಾಗಾಗಿ ನಿನಗೆ ಗೊತ್ತಿರುವುದನ್ನೇ ಮೊದಲು ಓದುತ್ತೇನೆ, ತಾಳ್ಮೆಯಿರಲಿ. ಕೂಟದ ಮೊದಲ ವರ್ಷ ಲಾಟರಿಗೆ ಇಡಲು ಬಹುಮಾನವೇ ಇರಲಿಲ್ಲ. ನೀನು ಎದ್ದು ನಿಂತು, ಕೈರವಾನಿನಲ್ಲಿ ನಿನ್ನ ಅಮ್ಮ ನೇಯ್ದ ರತ್ನಗಂಬಳಿಯನ್ನೇ ಕೊಟ್ಟೆ. ಸಭೆಯಲ್ಲಿ ಮೂವರು ಅತ್ತರು. ಗೆದ್ದವರು ನಮ್ಮ ಅಧ್ಯಕ್ಷರು, ನಿವೃತ್ತ ಸುಂಕಾಧಿಕಾರಿ ಸೀ ಮೊಂಜಿ. ಅವರು ಎದೆಯ ಮೇಲೆ ಕೈಯಿಟ್ಟು, "ಸೇವೆಯೇ ನನ್ನ ಬಹುಮಾನ, ಕಂಬಳಿ ಕೂಟಕ್ಕೇ ಇರಲಿ" ಎಂದರು. ಅಂದಿನಿಂದ ಅದೇ ಪದ್ಧತಿ. ಹನ್ನೊಂದು ಲಾಟರಿ, ಹನ್ನೊಂದು ವಿಜೇತರು, ಹನ್ನೊಂದು ಸಲ ಎದೆಯ ಮೇಲೆ ಕೈ. ಸೀ ಮೊಂಜಿಯೊಬ್ಬರೇ ಮೂರು ಸಲ ಗೆದ್ದು ಮೂರು ಸಲವೂ ತ್ಯಾಗಮೂರ್ತಿಯಾದರು. ಚೀಟಿ ಕೊಳ್ಳುತ್ತಿದ್ದವರು ನಾವು ನಾವೇ, ಹೆಚ್ಚೆಂದರೆ ನಮ್ಮ ಬೀಗರು.

ಕಂಬಳಿಯನ್ನು ಮೊದಲು ಸೀ ಮೊಂಜಿ, ಆಮೇಲೆ ಖಜಾಂಚಿ ಲೆಲ್ಲಾ ಬೆಯ್ಯಾ, ನಾಲ್ಕು ವರ್ಷದಿಂದ ನಾನು, ಹೀಗೆ ಸರದಿಯ ಮೇಲೆ ಮನೆಯಲ್ಲಿ ಇಟ್ಟುಕೊಂಡೆವು. ನನ್ನ ಕೈಗೆ ಬಂದ ದಿನದ ಸಭೆ ನೆನಪಿದೆಯಾ? ನೀನು ಸ್ಫಾಕ್ಸಿಗೆ ಹೊರಡುವ ಮುಂಚಿನ ಕೊನೆಯ ಸಭೆ. ಕಂಬಳಿಯನ್ನು ಎಂದೂ ಬಿಚ್ಚಬಾರದು, ಬಿಚ್ಚಿದರೆ ನುಸಿ ಹಿಡಿಯುತ್ತದೆ ಎಂದು ಸೀ ಮೊಂಜಿ ಸೂಚಿಸಿದರು. ಅವರ ಮಾತು ಮುಗಿಯುವ ಮೊದಲೇ ಬೆಯ್ಯಾ ಅನುಮೋದಿಸಿದಳು. ನೀನಂತೂ ಎರಡೂ ಕೈ ಎತ್ತಿದೆ. ನಮ್ಮ ಕೂಟದ ಇತಿಹಾಸದಲ್ಲಿ ಜಗಳವಿಲ್ಲದೆ ಪಾಸಾದ ಏಕೈಕ ನಿರ್ಣಯ ಅದು. ಇಲ್ಲಿಗೆ ನಡಾವಳಿ ಮುಗಿಯಿತು.

ಈಗ ಈ ವರ್ಷಕ್ಕೆ ಬರುತ್ತೇನೆ. ಡಯಾಲಿಸಿಸ್ ರೋಗಿಗಳನ್ನು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಕರೆದೊಯ್ಯುವ ನಮ್ಮ ವ್ಯಾನಿನ ಇಂಜಿನ್ ಡಿಸೆಂಬರಿನಲ್ಲಿ ಕೆಮ್ಮಲು ಶುರುಮಾಡಿತು, ಜನವರಿಯಲ್ಲಿ ರೋಗಿಗಳಿಗಿಂತ ಹೆಚ್ಚು ಕಾಯಿಲೆ ಬಿದ್ದಿತು. ನಾವು ನಾವೇ ಚೀಟಿ ಕೊಂಡರೆ ಹೊಸ ಇಂಜಿನ್ ಬರುವುದಿಲ್ಲ. ಆಗ ನಾನೊಂದು ಸಾಹಸ ಮಾಡಿದೆ. ಚೀಟಿಪುಸ್ತಕ ಹಿಡಿದು ಹಳೆ ಬಂದರಿಗೆ ಹೋದೆ. ಅಲ್ಲಿ ಹಸೂನಾ ಅಂತ ಒಬ್ಬ ನೆಲದ ಮೇಲೆ ಕೂತು, ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ರಿಪೇರಿ ಮಾಡುತ್ತಿದ್ದ. ಒಂದು ಚೀಟಿ ಕೊಂಡ.

"ಗೆದ್ರೆ ನಂಗೇ ಸಿಗುತ್ತಾ?" ಅಂದ.

"ಮತ್ತಿನ್ಯಾರಿಗೆ?" ಅಂದೆ.

ಪದ್ಧತಿ ವಿವರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ ಕಣೇ. ಉಸಿರಾಡುವುದು ಹೇಗೆಂದು ಯಾರಾದರೂ ವಿವರಿಸುತ್ತಾರೆಯೇ?

ಶನಿವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಬೆಯ್ಯಾ ಬುಟ್ಟಿಗೆ ಕೈ ಹಾಕಿ ಚೀಟಿ ಎತ್ತಿದಳು. ಹಸೂನಾ! ರಬ್ಬರ್ ಬೂಟು ಹಾಕಿಕೊಂಡೇ ವೇದಿಕೆ ಹತ್ತಿದ. ಸೀ ಮೊಂಜಿ ಕಣ್ಣು ತೇವ ಮಾಡಿಕೊಂಡು ಮೈಕನ್ನು ಅವನ ಬಾಯಿಯ ಬಳಿ ಹಿಡಿದರು, ಅವನ ಹೆಸರಿಗೂ ಗೌರವದ 'ಸೀ' ಸೇರಿಸಿದರು.

"ಹೇಳಿ, ಸೀ ಹಸೂನಾ. ಸಂಕೋಚ ಬೇಡ. ಮನಸ್ಸಲ್ಲಿರೋದು ಹೇಳಿ."

ಹಸೂನಾ ಸ್ವಲ್ಪ ಯೋಚಿಸಿದ. ಆಮೇಲೆ ಮೈಕಿನಲ್ಲೇ, ಇಡೀ ಸಭೆಗೆ ಕೇಳುವಂತೆ, "ಹಗ್ಗ ಇದ್ಯಾ? ಮೋಟರ್ ಸೈಕಲ್ ಹಿಂದೆ ಕಟ್ಕೋಬೇಕಿತ್ತು" ಎಂದ.

ಹಗ್ಗ ಕೊಡುವವರಿಲ್ಲವೆಂದು ಕಂಡಾಗ ಅವನು, ತುಂಬ ಮರ್ಯಾದೆಯಿಂದ, ನಮ್ಮ ಬ್ಯಾನರಿಗೆ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿಕೊಂಡ. 'ಸೇವೆಯೇ ಉಸಿರು' ಎಂಬ ಬ್ಯಾನರು ಸೀ ಮೊಂಜಿಯ ತಲೆಯ ಮೇಲೆ ಬಿತ್ತು. ಅವರು ಅದರೊಳಗಿಂದ ಹೊರಬರುವಷ್ಟರಲ್ಲಿ ನಿನ್ನ ಅಮ್ಮನ ರತ್ನಗಂಬಳಿ ಸೇತುವೆಯ ಕಡೆಗೆ ಹೊರಟುಹೋಗಿತ್ತು.

ತುರ್ತು ಸಭೆಯಾಯಿತು. ಕಂಬಳಿ ಹೋದರೆ ಕೂಟದ ಮಾನ ಹೋದಂತೆ, ಕಲ್ಸೂಮಳಿಗೆ ಏನೆಂದು ಮುಖ ತೋರಿಸುವುದು ಎಂದು ಸೀ ಮೊಂಜಿ ಮೇಜು ಗುದ್ದಿದರು. ಭಾನುವಾರ ಬೆಳಿಗ್ಗೆ ನಾವು ಮೂವರು ನಿಯೋಗ ಹೋಗಿ, ಪದ್ಧತಿ ತಿಳಿಸಿ, ಗೌರವದಿಂದ ವಾಪಸು ಕೇಳುವುದು ಎಂದು ತೀರ್ಮಾನವಾಯಿತು. ನಾನು ತಲೆಯಾಡಿಸಿದೆ. ನನ್ನ ಚಿಂತೆ ಮಾತ್ರ ಬೇರೆಯೇ ಇತ್ತು. ಅವನು ಕಂಬಳಿ ಬಿಚ್ಚುವ ಮೊದಲು ನಾನು ಅಲ್ಲಿರಬೇಕಿತ್ತು.

ಸರಿ, ಹಳೆಯ ಕಾರಣ. ಚಹಾ ಕುಡಿದಿದ್ದೀಯಾ?

ಮೂರು ವರ್ಷದ ಹಿಂದೆ ನನ್ನ ನಾದಿನಿ ತೂನಿಸಿನಿಂದ ಬರುವವಳಿದ್ದಳು. ಅವಳ ಮನೆಯಲ್ಲಿ ಏನೇನಿದೆ, ನನ್ನ ಮನೆಯಲ್ಲಿ ಏನೇನಿಲ್ಲ ಎಂಬುದು ನಿನಗೆ ಗೊತ್ತು. ನಿರ್ಣಯ ಮುರಿದು ಕಂಬಳಿ ಬಿಚ್ಚಿದೆ. ನಮ್ಮ ಕೋಣೆಗೆ ಅರ್ಧ ಬಿಚ್ಚಿದರೇ ಸಾಕಾಯಿತು. ಅದರ ಮೇಲೆ ಮಂಡಿಯೂರಿ ಕಿಟಕಿಯ ಪರದೆಗೆ ಇಸ್ತ್ರಿ ಹಾಕುತ್ತಿದ್ದಾಗ ಫೋನ್ ಬಂತು. ಫೋನ್ ಯಾರದು? ನಿನ್ನದು. ಮುಕ್ಕಾಲು ಗಂಟೆ ಮಾತಾಡಿದೆವು. ಹಿಂತಿರುಗಿ ನೋಡಿದರೆ ನಿನ್ನ ಅಮ್ಮನ ದಾಳಿಂಬೆ ಕೆಂಪಿನ ನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದ ಒಂದು ತೂತು. ಆ ತೂತಿನಲ್ಲಿ ಅರ್ಧ ಪಾಲು ನಿನ್ನದೇ ಎಂದು ವಾದಿಸಬಹುದು. ವಾದಿಸುವುದಿಲ್ಲ. ಅಂದಿನಿಂದ ಪ್ರತಿ ಲಾಟರಿಯ ದಿನವೂ, ವಿಜೇತರು ಎದೆಯ ಮೇಲೆ ಕೈಯಿಡುವ ತನಕ ನಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ. ನಿನಗೆ ಹೇಳಲು ಎಷ್ಟು ಸಲ ಫೋನ್ ಎತ್ತಿಕೊಂಡೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೆಣಸಿನಕಾಯಿಯ ರೇಟೇ ಬಾಯಿಗೆ ಬಂತು.

ಭಾನುವಾರ ಹೊರಟರೆ ಹಡಗಿಗೆ ದಾರಿ ಬಿಡಲು ಸೇತುವೆ ಮೇಲೆದ್ದಿತ್ತು. ಯಾವುದೋ ಹಡಗು ಮದುವೆಯ ಹೆಣ್ಣಿನಂತೆ ನಿಧಾನವಾಗಿ ಸಾಗುತ್ತಿತ್ತು. ಸೀ ಮೊಂಜಿ ಎರಡು ಪುಟದ ಭಾಷಣವನ್ನು ಕಾರಿನಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿದರು. ಬೆಯ್ಯಾ ಉಗುರು ಕಚ್ಚುತ್ತಿದ್ದಳು. ಇವಳಿಗೇನು ಕಷ್ಟ ಅಂದುಕೊಂಡೆ.

ಸೇತುವೆಯಾಚೆಯ ಝರ್ಝೂನಾದಲ್ಲಿ ಹಸೂನಾನ ಮನೆಯ ಬಾಗಿಲು ತೆರೆದೇ ಇತ್ತು. ಒಂದೇ ದೊಡ್ಡ ಕೋಣೆ. ನೆಲದ ತುಂಬ ಕಂಬಳಿ, ಪೂರ್ತಿ ಬಿಚ್ಚಿ ಹಾಸಿದ್ದು. ಅದರ ನಡುವೆ ಅವನ ಹೆಂಡತಿ ಮಬ್ರೂಕಾ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದಳು. ಎಷ್ಟು ಚೆಂದವಿತ್ತು ಗೊತ್ತಾ, ಕಲ್ಸೂಮ್! ನಾವು ಹನ್ನೊಂದು ವರ್ಷ ಹೊತ್ತು ತಿರುಗಿದ್ದು ಬರೀ ಒಂದು ಸುರುಳಿಯನ್ನು.

ನಾನು ಸಲಾಮು ಹೇಳುವುದಕ್ಕೂ ಮೊದಲು ಹುಡುಕಿದ್ದು ನನ್ನ ತೂತನ್ನು. ಕಂಡಿತು. ಓಡಿಹೋಗಿ ಅದರ ಮೇಲೆ ಕೂತೆ. ಕೂತು ನೋಡುತ್ತೇನೆ, ಬೆಯ್ಯಾ ಒಂದು ಅಂಚಿಗೆ ಧಾವಿಸಿ ತನ್ನ ದೊಡ್ಡ ಕೈಚೀಲವನ್ನು ಅಲ್ಲಿ ಹರಡುತ್ತಿದ್ದಾಳೆ. ಸೀ ಮೊಂಜಿ ಇನ್ನೊಂದು ಕಡೆ, ಕಾಲುಗಳನ್ನು ಅಗಲಿಸಿ, ಸುಂಕದ ಕಟ್ಟೆಯಲ್ಲಿ ನಿಂತಂತೆ ನಿಂತುಬಿಟ್ಟಿದ್ದಾರೆ. ಅಲ್ಲಿಂದ ಒಂದಿಂಚೂ ಕದಲದೆ ಭಾಷಣ ಶುರುಮಾಡಿದರು. ತ್ಯಾಗ, ಪರಂಪರೆ, ಹನ್ನೊಂದು ವರ್ಷದ ಸಂಪ್ರದಾಯ.

ಮೊದಲ ಪುಟ ಮುಗಿಯುವವರೆಗೂ ಹಸೂನಾ ಕೇಳಿಸಿಕೊಂಡ. "ಅಂದ್ರೆ ಗೆದ್ದೋರು ವಾಪಸ್ ಕೊಡ್ಬೇಕು?"

"ಕೊಡಬೇಕು ಅಂತಲ್ಲ. ಕೊಡ್ತಾರೆ."

"ಚೀಟಿ ಮೇಲೆ ಹಂಗೇನೂ ಬರ್ದಿರ್ಲಿಲ್ವಲ್ಲ, ಸೀ ಮೊಂಜಿ."

ಅಷ್ಟರಲ್ಲಿ ಮಬ್ರೂಕಾ, "ನೀವು ಆ ವ್ಯಾನಿನೋರಲ್ವಾ?" ಎಂದಳು. "ಸೋಮವಾರ, ಬುಧವಾರ, ಶುಕ್ರವಾರ ನಾನು ಅದ್ರಲ್ಲೇ ಹೋಗೋದು. ಮೂರನೇ ಸೀಟು. ಅದಕ್ಕೇ ಇವ್ರು ಚೀಟಿ ತಗೊಂಡಿದ್ದು. ಬೇಕಂದ್ರೆ ತಗೊಂಡೋಗಿ ತಾಯೀ, ಬೇಜಾರಿಲ್ಲ. ರಕ್ತ ತೊಳೆಸ್ಕೊಂಡು ಬಂದ ದಿನ ಈ ನೆಲ ಮಂಜುಗಡ್ಡೆ ಥರ ಕೊರೆಯುತ್ತೆ, ಕಾಲಿಡಕ್ಕಾಗಲ್ಲ. ನಿನ್ನೆಯಿಂದ ಬೆಚ್ಚಗಿತ್ತು. ಒಂದಿನ ಆದ್ರೂ ಆಯ್ತಲ್ಲ."

ಐದು ವರ್ಷದಿಂದ ನಮ್ಮ ವ್ಯಾನಿನಲ್ಲಿ ಓಡಾಡುವವಳು. ನಮ್ಮ ವಾರ್ಷಿಕ ವರದಿಯಲ್ಲಿ ಅವಳು 'ಫಲಾನುಭವಿ ೧೪'. ಅದನ್ನು ಬರೆದವಳು ನಾನು. ಮುಖ ನೋಡಿದ್ದು ನಿನ್ನೆಯೇ ಮೊದಲು.

ಸೀ ಮೊಂಜಿಯ ಕೈಯಲ್ಲಿ ಎರಡನೇ ಪುಟ ಹಾಗೇ ಉಳಿಯಿತು. ಹಸೂನಾ ಒಂದು ತಟ್ಟೆಯಲ್ಲಿ ಚಹಾ ತಂದ. ಬಗ್ಗಿ ಕೊಡುತ್ತಾ ಮೆಲ್ಲಗೆ, "ಸೀ ಮೊಂಜಿ, ಕಾಲೆತ್ತಿ. ಆ ಕಲೆ ಬೆಳಿಗ್ಗೇನೇ ನೋಡಿದೀನಿ" ಎಂದ. ಬೆಯ್ಯಾ ಕಡೆ ತಿರುಗಿ, "ನೀವೂ ಚೀಲ ತೆಗೀರಿ ಲೆಲ್ಲಾ. ನಾಯಿ ಕಚ್ಚಿದ್ದು ತಾನೇ? ಹಲ್ಲಿನ ಗುರುತು ಗೊತ್ತಾಗುತ್ತೆ." ಆಮೇಲೆ ನನ್ನನ್ನು ನೋಡಿ, ಪಾಪ, ನನ್ನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದ.

ನಾನು ಮೆಲ್ಲಗೆ ಪಕ್ಕಕ್ಕೆ ಸರಿದೆ. ಇಸ್ತ್ರಿಪೆಟ್ಟಿಗೆಯ ತೂತು ಬಿಸಿಲಿಗೆ ಬಂತು. ಸೀ ಮೊಂಜಿ ಕಾಲೆತ್ತಿದರು. ಅವರ ಮಗಳ ನಿಶ್ಚಿತಾರ್ಥದ ಚಹಾ ಒಂದು ಸಣ್ಣ ಕೆರೆಯಷ್ಟು ಹರಡಿತ್ತು. ಬೆಯ್ಯಾಳ ನಾಯಿ ಅಂಚಿನ ಅರ್ಧ ಮೊಳ ಜಾಲರಿಯನ್ನು ತಿಂದು ಜೀರ್ಣಿಸಿಕೊಂಡಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವಳು ಮಬ್ರೂಕಾ. ಆಮೇಲೆ ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಮೂಗಿನಿಂದ ಚಹಾ ಬಂತು. ಅದೂ ಕಂಬಳಿಯ ಮೇಲೇ ಬಿತ್ತು.

"ಬಿಡಿ, ಬಲೆಯಲ್ಲಿ ಇದಕ್ಕಿಂತ ದೊಡ್ಡ ತೂತು ದಿನಾ ನೋಡ್ತೀನಿ" ಎಂದ ಹಸೂನಾ. "ಉಣ್ಣೆ ತಂದಿದೀನಿ. ಮಬ್ರೂಕಾ ನೇಯ್ಗೆಯವರ ಮಗಳು. ಇಬ್ರೂ ಸೇರಿ ಒಂದು ತಿಂಗಳಲ್ಲಿ ಮುಚ್ತೀವಿ."

ಸೀ ಮೊಂಜಿ ಎದೆಯ ಮೇಲೆ ಕೈಯಿಟ್ಟರು. ಅಭ್ಯಾಸಬಲ. ಆದರೆ ಈ ಸಲ ಬಾಯಿಂದ ಬಂದದ್ದು ಬೇರೆ: "ಕಂಬಳಿ ಇಲ್ಲೇ ಇರ್ಲಿ. ಹಾಸೇ ಇರ್ಲಿ." ಬೆಯ್ಯಾ ಅನುಮೋದಿಸಿದಳು. ನಾನು ಎರಡೂ ಕೈ ಎತ್ತಿದೆ.

ಹಿಂತಿರುಗುವಾಗ ಮತ್ತೆ ಸೇತುವೆ ಎದ್ದಿತ್ತು. ಕಾರಿನಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡೆವು. ಮೊಂಜಿಯ ಕಲೆ ಬೆಯ್ಯಾಗೆ ಮೊದಲೇ ಗೊತ್ತಿತ್ತಂತೆ. ಬಾಯಿಬಿಟ್ಟರೆ ತನ್ನ ನಾಯಿಯ ಕಥೆಯೂ ಹೊರಬೀಳುತ್ತದೆಂದು ಸುಮ್ಮನಿದ್ದಳಂತೆ. ಮೊಂಜಿ ಎರಡನೇ, ಮೂರನೇ ಸಲವೂ ತ್ಯಾಗ ಮಾಡಿದ್ದೇಕೆಂದು ಈಗ ನಿನಗೂ ಅರ್ಥವಾಗಿರಬೇಕು. ಹಡಗು ಹೋಗಿ, ಸೇತುವೆ ಇಳಿದು, ಹಿಂದಿನ ಕಾರುಗಳೆಲ್ಲ ಹಾರನ್ ಹೊಡೆಯುತ್ತಿದ್ದರೂ ನಾವಿನ್ನೂ ನಗುತ್ತಿದ್ದೆವು. ಮೂರು ವರ್ಷದಿಂದ ಎದೆಯ ಮೇಲೆ ಕೂತಿದ್ದ ಇಸ್ತ್ರಿಪೆಟ್ಟಿಗೆ ಇಳಿದುಹೋಯಿತು ಕಣೇ.

ಇನ್ನೊಂದು ವಿಷಯ. ಇವತ್ತು ಬೆಳಿಗ್ಗೆ ಬಂದರಿಗೆ ಹೋದರೆ ಮೀನುಗಾರರು ಸುತ್ತುವರಿದರು. "ಅಂದ್ರೆ ನಿಜವಾಗ್ಲೂ ಕೊಡ್ತೀರಾ? ನಾವೆಲ್ಲ ನಾಟಕ ಅಂದ್ಕೊಂಡಿದ್ವಿ. ಪ್ರತಿ ವರ್ಷ ಅದೇ ಕಂಬಳಿ, ಅದೇ ಮುಖಗಳು!" ಮುಂದಿನ ಲಾಟರಿಯ ಚೀಟಿಯನ್ನು ಈಗಲೇ ಕೇಳುತ್ತಿದ್ದಾರೆ. ಚೀಟಿಯ ಹಣದಲ್ಲಿ ವ್ಯಾನಿಗೆ ಹೊಸ ಇಂಜಿನ್ ಗುರುವಾರ ಬರುತ್ತದೆ. ಹೀಟರನ್ನೂ ಸರಿಮಾಡಿಸಲು ಹೇಳಿದ್ದೇನೆ. ಮೂರನೇ ಸೀಟಿನ ತನಕ ಬಿಸಿ ತಲುಪಬೇಕು.

ನಿನ್ನ ಅಮ್ಮನ ನೇಯ್ಗೆಯನ್ನು ಸುಟ್ಟವಳು ನಾನು. ಅದಕ್ಕಿಂತ ದೊಡ್ಡ ತಪ್ಪು, ಮೂರು ವರ್ಷ ನಿನ್ನಿಂದ ಮುಚ್ಚಿಟ್ಟದ್ದು. ಬಯ್ಯುವುದಿದ್ದರೆ ಬಂದು ಎದುರಿಗೇ ಬಯ್ಯು. ಫೋಟೋ ಝರ್ಝೂನಾದಲ್ಲಿ ತೆಗೆಸೋಣ. ೨೫ರಂದು ಮಬ್ರೂಕಾ ಮೀನಿನ ಕುಸ್‌ಕುಸ್ ಮಾಡುತ್ತಾಳಂತೆ. ಚಪ್ಪಲಿ ಹೊರಗೆ ಬಿಡಬೇಕು.

ಕ್ಷಮೆ ಕೇಳುತ್ತಾ, ಮನಸ್ಸು ಹಗುರಾಗಿ,
ನಿನ್ನ
ನಜೀಬಾ

ಮರೆತಿದ್ದೆ: ನಾವು ಹೊರಡುವಾಗ ಮಬ್ರೂಕಾ ಕಂಬಳಿಯ ಒಂದು ಮೂಲೆಯನ್ನು ಮಗುಚಿ ತೋರಿಸಿದಳು. ಅಲ್ಲೊಂದು ಅಂಗೈಯಗಲದ ತೇಪೆ. ಬಣ್ಣ ಚೆನ್ನಾಗಿ ಹೊಂದಿಸಿದ್ದರಿಂದ ಮೇಲಿನಿಂದ ಕಾಣುವುದೇ ಇಲ್ಲ. "ಇದು ನಿಮ್ಮ ಮೂವರದ್ದೂ ಅಲ್ಲ ಬಿಡಿ, ಏನಿಲ್ಲಾಂದ್ರೂ ಇಪ್ಪತ್ತು ವರ್ಷ ಹಳೇದು. ನೇಯ್ದವರ ಕೆಲಸಾನೂ ಅಲ್ಲ. ಹೊಲಿದೋರು ದಾರ ಎಡಗೈಲಿ ಎಳೆದಿದಾರೆ, ನೋಡಿ, ಹೊಲಿಗೆಯೆಲ್ಲ ಒಂದೇ ಕಡೆ ವಾಲಿದೆ" ಎಂದಳು. ಕೂಟಕ್ಕೆ ಕಂಬಳಿ ಬಂದು ಹನ್ನೆರಡು ವರ್ಷವೂ ತುಂಬಿಲ್ಲ, ನನ್ನ ಚಿನ್ನಾ. ನುಸಿ ನಿರ್ಣಯಕ್ಕೆ ನೀನು ಎರಡೂ ಕೈ ಎತ್ತಿದ್ದು ನಡಾವಳಿಯಲ್ಲಿದೆ. ಕೂಟದಿಂದ ಸತ್ಯ ಮುಚ್ಚಿಟ್ಟವರಿಗೆ ದಂಡ ಒಂದು ಕಿಲೋ ಖರ್ಜೂರದ ಮಕ್ರೂದ್. ನಾವು ಮೂವರೂ ಕಟ್ಟಿದ್ದೇವೆ, ಮಬ್ರೂಕಾಗೆ ಸಿಹಿ ವರ್ಜ್ಯವಾದ್ದರಿಂದ ಹಸೂನಾ ಒಬ್ಬನೇ ತಿನ್ನುತ್ತಿದ್ದಾನೆ. ನಿನ್ನ ಕಿಲೋವನ್ನು ಕೈರವಾನಿನ ಅಂಗಡಿಯಿಂದಲೇ ತರಬೇಕು. ಸೇತುವೆ ಎದ್ದಿತ್ತು ಎಂಬ ನೆಪ ನಡೆಯುವುದಿಲ್ಲ.