ಮಾವನ ಬರಿಗೈ

ಮನೆಯಿಂದ,
ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೊಮ್ಮಗಳೇ, ನನ್ನ ಚಿನ್ನೂ,

ನಿನ್ನ ಕೆಮ್ಮು ಹೇಗಿದೆ? ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತುಕೊಂಡೇ ಬಿಲ್ಲು ಹಾಕುತ್ತೀಯಂತೆ. ಕಾಲು ಊದಿದರೆ ಬಿಸಿನೀರಿನಲ್ಲಿ ಇಟ್ಟುಕೋ. ನನ್ನ ಮಂಡಿ ಎಂದಿನಂತೆ ಮುನಿಸಿಕೊಂಡಿದೆ. ಬಾಯಿ ಮಾತ್ರ ಗಟ್ಟಿಯಾಗಿದೆ, ಗಾಬರಿಯಾಗಬೇಡ.

ಈಗ ಸುದ್ದಿಗೆ ಬರುತ್ತೇನೆ. ನಿನ್ನ ಕೆಲಸ ತಿಂದ ಆ ವಾಲ್ವ್ ವಿಷಯ. "ಅಜ್ಜಿ, ಸೂರ್ಯನ ಹಾಗೆ ಉರಿಯೋ ಫ್ಯೂಷನ್ ಯಂತ್ರಕ್ಕೆ ನಾವು ವಾಲ್ವ್ ಅನ್ನೋ ಬಾಗಿಲು ಮಾಡ್ತೀವಿ, ಒಳಗೆ ಗಾಳಿ ಸುಳಿವೂ ಇರಬಾರದು" ಎಂದು ನೀನು ಆ ಕಾರ್ಖಾನೆ ಸೇರಿದ ಹೊಸತರಲ್ಲಿ ಹೇಳಿದ್ದೆ. ಬಾಗಿಲಿನ ತಟ್ಟೆಯನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಅಲ್ಲೇ ಕೂತು, ಕಾಯಿಸಿದಾಗ ಆವಿ ಬಿಟ್ಟು ಒಳಗಿನ ಶೂನ್ಯವನ್ನೇ ಕೆಡಿಸುತ್ತದೆ ಎಂದಿದ್ದೆ. ಹಾಗಾದರೆ ಸದಾ ಎಣ್ಣೆಗೈಯ ನನ್ನಂಥವಳನ್ನು ಆ ಬೀದಿಗೂ ಬಿಡಲಾರರು ಎಂದು ನಾನು ನಕ್ಕಿದ್ದೆ. ಪರೀಕ್ಷೆಯಲ್ಲಿ ಹದಿನೇಳನೇ ತಟ್ಟೆ ಆವಿ ಬಿಟ್ಟಿತು. ಅಲ್ಲಿ ಮೇಲ್ವಿಚಾರಕನಾದ ನಿನ್ನ ಸೋದರಮಾವ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಹಾನುಭಾವ, ಕಾರ್ಖಾನೆಯ ದೊಡ್ಡ ಮೇಡಂ ಎದುರು ನಿನ್ನ ಕಡೆ ಕೈ ತೋರಿಸಿದ. ಕ್ರೀಮ್ ಹಚ್ಚಿಕೊಂಡು ಬರುತ್ತಾಳೆ, ಗವಸು ಹಾಕಲು ಸೋಮಾರಿತನ ಎಂದನಂತೆ. ಆ ಕಸುಬಿನಲ್ಲಿ ಒಮ್ಮೆ ಕೈ ಕೊಳಕು ಎನಿಸಿಕೊಂಡವಳನ್ನು ಇನ್ಯಾರೂ ಕರೆಯುವುದಿಲ್ಲ. ನೀನೋ, ತುಟಿ ಬಿಚ್ಚದೆ ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ.

ಹೋದ ವಾರ ನಡುಮನೆಯ ಫೋಟೋ ಒರೆಸುತ್ತಿದ್ದೆ. ನಿನ್ನ ಮಾವ ಕಾರ್ಖಾನೆಯಲ್ಲಿ ತೆಗೆಸಿಕೊಂಡು, ಚೌಕಟ್ಟು ಹಾಕಿಸಿ, "ನೋಡಮ್ಮ ನಿನ್ನ ಮಗನ್ನ" ಎಂದು ತಾನೇ ಮೊಳೆ ಹೊಡೆದು ತೂಗುಹಾಕಿದ ಫೋಟೋ. ಕನ್ನಡಕ ಏರಿಸಿ ನೋಡುತ್ತೇನೆ, ಹೊಸ ಗಡಿಯಾರ ಕಾಣಲೆಂದು ಎಡಗೈ ಗವಸು ಕಳಚಿ, ಕನ್ನಡಿಯಂಥ ತಟ್ಟೆಯ ಮೇಲೆ ಅಂಗೈ ಊರಿದ್ದಾನೆ, ಎಮ್ಮೆ ಬೆನ್ನು ತಟ್ಟುವವನ ಹಾಗೆ. ತಟ್ಟೆಯ ಅಂಚಿನಲ್ಲಿ ಹದಿನೇಳು ಎಂದು ಕೊರೆದಿದೆ. ಹಿಂದೆ ಮುಖ ಮುಚ್ಚಿಕೊಂಡವಳೊಬ್ಬಳು ಬೇಡ ಬೇಡ ಎಂಬಂತೆ ಗವಸು ತೊಟ್ಟ ಎರಡೂ ಕೈ ಎತ್ತಿದ್ದಾಳೆ. ಕಣ್ಣು ಮಾತ್ರ ಕಾಣುತ್ತದೆ. ಆ ಕಣ್ಣು ಒರೆಸಿ ಬೆಳೆಸಿದವಳು ನಾನು, ಗುರುತು ಸಿಗದೆ ಇರುತ್ತದೆಯೇ? ಅಂದರೆ ನಿನಗೆ ಎಲ್ಲ ಗೊತ್ತಿತ್ತು. ಅಜ್ಜಿಯ ಮಗನಲ್ಲವೇ, ಅಜ್ಜಿಗೆ ನೋವಾಗುತ್ತದೆ ಎಂದು ನುಂಗಿಕೊಂಡೆ. ನನ್ನ ನೋವಿನ ಯಜಮಾನಿಕೆ ನಿನಗೆ ಯಾರು ಕೊಟ್ಟರು?

ಊಟಕ್ಕೆ ಕೂತಾಗ, ಫೋಟೋ ಮಾತು ಎತ್ತದೆ, ಆ ತಟ್ಟೆ ಮುಟ್ಟಿದ್ದು ನೀನೇ ಅಲ್ಲವೇ ಎಂದು ಅವನನ್ನು ಕೇಳಿದೆ. ಕಲಸಿದ ತುತ್ತನ್ನು ಎಲೆಗೆ ಹಾಕಿದ. ಆಮೇಲೆ ಮೆಲ್ಲಗೆ, "ಅಮ್ಮಾ, ಅವಳಿನ್ನೂ ಚಿಕ್ಕವಳು, ಬೇರೆ ಏನಾದ್ರೂ ಸಿಗುತ್ತೆ. ಈ ವಯಸ್ಸಲ್ಲಿ ನನ್ನ ಯಾರು ಕೇಳ್ತಾರೆ? ನೀನು ನನ್ನಮ್ಮ ಅಲ್ವಾ?" ಎಂದ. ಹೌದಪ್ಪ ಎಂದು ಇನ್ನೊಂದು ಸೌಟು ಬಡಿಸಿದೆ. ಅವನಿಗೆ ಸಮಾಧಾನವಾಯಿತು. ನಲವತ್ತು ವರ್ಷ ಜೊತೆಗಿದ್ದೂ ತಾಯಿಯ ಪರಿಚಯವಿಲ್ಲ ಆ ಮೂರ್ಖನಿಗೆ.

ಹೊಸ ತಟ್ಟೆ ಕೂರಿಸಿದ ಮೇಲೆ ವಾಲ್ವ್ ಪರೀಕ್ಷೆಯಲ್ಲಿ ಪಾಸಾಗಿದೆ. ನಾಳೆ ಅದನ್ನು ಹಡಗಿಗೆ ಕಳಿಸುವ ಸಮಾರಂಭ, ನಿನ್ನ ಮಾವನಿಗೆ ಸನ್ಮಾನ. ಮನೆಯವರೂ ಬರಬೇಕಂತೆ, ನನಗೆ ಮೊದಲ ಸಾಲಿನಲ್ಲಿ ಕುರ್ಚಿ. ತಾಯಿಯೂ ನಾಲ್ಕು ಮಾತಾಡಲಿ ಎಂದು ದೊಡ್ಡ ಮೇಡಂ ಹೇಳಿಕಳಿಸಿದ್ದಾರೆ. ನಾಲ್ಕು ಧಾರಾಳವಾಯಿತು. ಗಾಜು ಬದಲಿಸಲು ಕೊಟ್ಟಿದ್ದೇನೆ ಎಂದು ಅವನಿಗೆ ಹೇಳಿ, ಫೋಟೋವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ, ಉಡುಗೊರೆ ಎಂದುಕೊಂಡು ಅವನೇ ಹೊತ್ತು ತರುತ್ತಾನಂತೆ. ನೀನು ತಲೆ ತಗ್ಗಿಸಿ ದಾಟಿದ ಅದೇ ಅಂಗಳದಲ್ಲಿ, ಅದೇ ಜನರ ಮುಂದೆ, ಅವನ ಕೈಯಿಂದಲೇ ಬಿಚ್ಚಿಸುತ್ತೇನೆ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನ್ನ ಕೈಯಷ್ಟೇ ಚೊಕ್ಕವಾಗಿ ನಿನ್ನ ಬದುಕೂ ಇರಲಿ.

ಇಂತು ನಿನ್ನ
ಅಜ್ಜಿ

ಮರೆತಿದ್ದೆ: ಫೋನ್ ಮಾಡಿದರೆ ಅತ್ತು ನನ್ನನ್ನು ತಡೆಯುತ್ತೀಯೆ ಎಂದೇ ಕಾಗದ ಬರೆದದ್ದು. ಇದನ್ನು ನಾಳೆ ಸಮಾರಂಭ ಮುಗಿಸಿ ಬರುವಾಗ ಅಂಚೆ ಡಬ್ಬಿಗೆ ಹಾಕುತ್ತೇನೆ. ನೀನು ಓದುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ. ಮಾವನ ಗತಿಯೇನು ಎಂದು ಕೇಳಬೇಡ, ಹೊತ್ತುಹೊತ್ತಿಗೆ ಅನ್ನ ಹಾಕುತ್ತೇನೆ, ಹೆತ್ತವಳು ನಾನು. ಆದರೆ ಅವನ ಪರವಾಗಿ ನೀನು ಒಂದಕ್ಷರ ಬರೆದರೂ, ಆ ಕಾಗದವನ್ನು ಅವನ ಕೈಯಲ್ಲೇ ಗಟ್ಟಿಯಾಗಿ ಓದಿಸಿ, ಎದುರು ಕೂತು ಕೇಳುತ್ತೇನೆ.